ಬಾಯಿಬಿಟ್ಟು ಆಡಬೇಕಾದ ಮಾತು

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆ ಊಟವನ್ನೂ ಮಾತನ್ನೂ ಒಂದೇ ಬಾಯಿಗೆ ಒಪ್ಪಿಸಿದೆ. ಆ ಬಾಯಿಗೆ ಬರುವ ಕ್ಯಾನ್ಸರಿನ ಬಗೆಗೆ ಇಂದು ನಾಲ್ಕು ಮಾತು ಹೇಳಬಯಸುತ್ತೇನೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ನಮ್ಮ ಸೀಮೆಯಲ್ಲಿ ಎಲೆಯಡಿಕೆ ಮರ್ಯಾದೆಯ ಗುರುತು. ಬೀಗರು ಬಂದರೆ ತಟ್ಟೆ ಮುಂದಿಡಲೇಬೇಕು. ಮಗ್ಗದ ನೇಕಾರ, ಕಬ್ಬು ಕಡಿಯುವ ಕೂಲಿಕಾರ ದಣಿವಾದಾಗ ಅಂಗೈಯಲ್ಲಿ ಸುಣ್ಣ-ತಂಬಾಕು ತಿಕ್ಕಿ ತುಟಿಯೊಳಗೆ ಇಟ್ಟುಕೊಳ್ಳುತ್ತಾರೆ. ಹುರಿದ ತಂಬಾಕಿನ ಪುಡಿಯಿಂದ ಹಲ್ಲುಜ್ಜುವ ತಾಯಂದಿರೂ ಉಂಟು. ಚಂಚಿಯ ಸ್ಥಾನಕ್ಕೆ ಗುಟ್ಕಾ ಬಂತು. 2013ರಲ್ಲಿ ಕರ್ನಾಟಕದಲ್ಲಿ ಅದಕ್ಕೆ ನಿಷೇಧವಾಯಿತು. ಪಾನ್ ಮಸಾಲೆ ಒಂದು ಚೀಟಿಯಾಗಿ, ತಂಬಾಕು ಇನ್ನೊಂದಾಗಿ ಮಾರಾಟ ಮುಂದುವರಿಯಿತು. ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದೆ.

ಈ ಹಳೆಯ ವೈರಿಯೊಡನೆ ಈಗ ಹೊಸ ಹೆಸರೊಂದು ಕೇಳಿಬರುತ್ತಿದೆ: ಹ್ಯೂಮನ್ ಪ್ಯಾಪಿಲೋಮಾ ವೈರಸ್, ಚಿಕ್ಕದಾಗಿ ಎಚ್‌ಪಿವಿ. ಗರ್ಭಕಂಠದ ಕ್ಯಾನ್ಸರಿಗೆ ಇದೇ ಕಾರಣವೆಂದು ತೋರಿಸಿದ ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಇದರ 16ನೆಯ ಬಗೆ ಟಾನ್ಸಿಲ್ ಮತ್ತು ನಾಲಗೆಯ ಬುಡದಲ್ಲಿಯೂ ಕ್ಯಾನ್ಸರ್ ಹುಟ್ಟಿಸಬಲ್ಲದು. ನಮ್ಮಲ್ಲಿ ಬಾಯಿಯ ಕ್ಯಾನ್ಸರಿಗೆ ಮುಖ್ಯ ಕಾರಣ ಇಂದಿಗೂ ತಂಬಾಕು ಮತ್ತು ಅಡಿಕೆ. ಹೊಸ ಹೆಸರಿನ ಬೆರಗಿನಲ್ಲಿ ಹಳೆಯದನ್ನು ಮರೆಯಬಾರದು; ಹಳೆಯದು ಗೊತ್ತಿದೆಯೆಂದು ಹೊಸದನ್ನು ತಳ್ಳಿಹಾಕಲೂಬಾರದು.

ನಮ್ಮ ಬಾಯೊಳಗೆ ದೀಪ ಹಿಡಿದು ನೋಡುವವರು ದಂತವೈದ್ಯರು. ಹುಳುಕು ಹಲ್ಲು ಕೀಳಿಸಲು ಹೋದವನ ಕೆನ್ನೆಯೊಳಗಿನ ಬಿಳಿ ಮಚ್ಚೆ, ನಾಲಗೆಯಂಚಿನ ಕೆಂಪು ಕಲೆ, ಎರಡು ವಾರವಾದರೂ ಮಾಯದ ಹುಣ್ಣು, ಅಡಿಕೆಯಿಂದ ಬಿಗಿದು ಮೂರು ಬೆರಳೂ ಹಿಡಿಸದ ಬಾಯಿ, ಇವು ಮೊದಲು ಅವರ ಕಣ್ಣಿಗೆ ಬೀಳಬೇಕು. ವೈರಸ್ಸಿನಿಂದ ಬಂದ ಗಂಟಲ ಕ್ಯಾನ್ಸರ್ ಮರೆಯಲ್ಲಿರುತ್ತದೆ; ಎಷ್ಟೋ ಸಲ ಕುತ್ತಿಗೆಯ ಗಂಟೇ ಅದರ ಮೊದಲ ಸುಳಿವು. ಆದುದರಿಂದ ಕುತ್ತಿಗೆಯನ್ನೂ ಮುಟ್ಟಿ ನೋಡಬೇಕು.

ದಂತವೈದ್ಯರನ್ನು ಪ್ರಶ್ನಿಸಿ ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳಲ್ಲಿ ಒಂದು ಸಂಗತಿ ಮರಳಿ ಮರಳಿ ಕಾಣುತ್ತದೆ. ತಂಬಾಕಿನ ಕೇಡನ್ನು ಬಲ್ಲವರಿಗೂ ಈ ವೈರಸ್ಸಿನ ಅರಿವು ಕಡಿಮೆ. ಅರಿವಿದ್ದವರಿಗೂ ಅದನ್ನಾಡಲು ಸಂಕೋಚ. ಇದು ಲೈಂಗಿಕ ಸಂಪರ್ಕದಿಂದ ಹರಡುವಂಥದು. ತಂದೆಯ ಎದುರು ಮಗನಿಗೆ, ಅತ್ತೆಯ ಎದುರು ಸೊಸೆಗೆ ಹೇಗೆ ಹೇಳುವುದು? ಕನ್ನಡ ಕಲಿಸಿ ಬಾಳಿದ ನನಗೆ ಇದು ವೈದ್ಯಶಾಸ್ತ್ರದಷ್ಟೇ ಭಾಷೆಯ ಪ್ರಶ್ನೆಯಾಗಿಯೂ ತೋರುತ್ತದೆ. 'ಇದು ಬಾಳಿನಲ್ಲಿ ಹೆಚ್ಚಿನವರನ್ನು ಒಮ್ಮೆ ತಾಕಿಹೋಗುವ ವೈರಸ್ಸು, ಬಹುಮಂದಿಯಲ್ಲಿ ತಾನೇ ಅಳಿಯುತ್ತದೆ, ಕೆಲವರಲ್ಲಿ ಉಳಿದು ಕೇಡು ಮಾಡುತ್ತದೆ, ತಡೆಯಲು ಲಸಿಕೆಯಿದೆ.' ಹೀಗೆಂದರೆ ಯಾರ ಶೀಲಕ್ಕೂ ಕುಂದಿಲ್ಲ, ಸತ್ಯಕ್ಕೂ ಊನವಿಲ್ಲ.

ಪುಣೆಯ ಸೀರಮ್ ಸಂಸ್ಥೆಯ ಲಸಿಕೆಗೆ ನಮ್ಮ ದೇಶದಲ್ಲಿ 2022ರಲ್ಲಿ ಅನುಮತಿ ದೊರೆಯಿತು. ಗರ್ಭಕಂಠದ ಕ್ಯಾನ್ಸರನ್ನು ತಡೆಯುವುದು ಈ ಬಗೆಯ ಲಸಿಕೆಗಳ ಮುಖ್ಯ ಉದ್ದೇಶ. ಅಂಥದೇ ಇನ್ನೊಂದು ಲಸಿಕೆಯನ್ನು ತಲೆ-ಕುತ್ತಿಗೆಯ ಕ್ಯಾನ್ಸರ್ ತಡೆಗೂ ಬಳಸಲು ಅಮೆರಿಕ 2020ರಲ್ಲಿ ಒಪ್ಪಿತು. 9ರಿಂದ 14ರ ವಯಸ್ಸು ಲಸಿಕೆಗೆ ತಕ್ಕ ಕಾಲ. ತಂಬಾಕಿಗೆ ಮಾತ್ರ ಲಸಿಕೆಯಿಲ್ಲ, ಬಿಡುವುದೊಂದೇ ಮದ್ದು.

ಬೇಗ ಗೊತ್ತಾದರೆ ಸಣ್ಣ ಶಸ್ತ್ರಕ್ರಿಯೆಯಲ್ಲಿ ಮುಗಿಯಬಹುದಾದದ್ದು, ತಡವಾದರೆ ದವಡೆಯನ್ನೋ ನಾಲಗೆಯನ್ನೋ ಕೇಳುತ್ತದೆ. ಬಾಗಲಕೋಟೆಯಲ್ಲಿ ದಂತವೈದ್ಯಕೀಯ ಕಾಲೇಜಿದೆ, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ, ದಾರಿ ದೂರವಿಲ್ಲ. ವೈದ್ಯರು ತಾವಾಗಿ ಹೇಳಲಿ. ಹೇಳದಿದ್ದರೆ ನಾವೇ ಕುರ್ಚಿಯಿಂದ ಇಳಿಯುವ ಮುನ್ನ ನಮ್ಮ ಮಾತಿನಲ್ಲೇ ಕೇಳೋಣ: 'ಡಾಕ್ಟರ್ ಸಾಹೇಬ್ರ, ಹಲ್ಲು ನೋಡಿದ್ರಿ, ಬಾಯಿ ಪೂರ್ತಿ ನೋಡಿದ್ರೇನ್ರಿ?'

(ಬಾನುಲಿ ಭಾಷಣ)