ದೇವಾಲದ ಚಿನ್ನ, ನಿಫ್ಟಿಯ ಪಾಲು



ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿ ಬಂದರೆ ತೆಪ್ಪಕಾಡಿನಲ್ಲಿ ದಾರಿ ಎರಡಾಗಿ ಒಡೆಯುತ್ತದೆ. ಒಂದು ಮಸಿನಗುಡಿಯ ಮೇಲೆ ಊಟಿಗೆ ಹತ್ತುತ್ತದೆ, ಇನ್ನೊಂದು ಗೂಡಲೂರಿಗೆ ಹೋಗುತ್ತದೆ. ಪ್ರವಾಸಿಗರಲ್ಲಿ ಬಹಳ ಮಂದಿ ಆನೆ ಶಿಬಿರ ನೋಡಿಕೊಂಡು ಊಟಿಯ ದಾರಿ ಹಿಡಿಯುತ್ತಾರೆ. ಇವತ್ತಿನ ಮಾತಿಗೆ ನಮಗೆ ಬೇಕಾದದ್ದು ಗೂಡಲೂರಿನ ದಾರಿ. ಅದೇ ದಾರಿಯಲ್ಲಿ ಮುಂದೆ ದೇವಾಲ, ಪಂದಲೂರು. ಈಗ ಅಲ್ಲಿ ಕಣ್ಣು ಹಾಯಿಸಿದಷ್ಟು ದೂರ ಚಹಾ ತೋಟ. ಆ ತೋಟಗಳ ನಡುವೆ ಹಳೆಯ ಸುರಂಗಗಳ ಬಾಯಿಗಳು ಪೊದೆ ಮುಚ್ಚಿಕೊಂಡು ಇವೆ. ಚಿನ್ನಕ್ಕಾಗಿ ತೋಡಿದ ಸುರಂಗಗಳು.

ಅಲ್ಲಿನ ಹೊಳೆಯ ಮರಳನ್ನು ಜಾಲಾಡಿ ಚಿನ್ನದ ಕಣ ಹೆಕ್ಕುವ ಕೆಲಸವನ್ನು ಬುಡಕಟ್ಟಿನವರಾದ ಕುರುಂಬರು, ಪಣಿಯರು ಹಿಂದಿನಿಂದಲೂ ಮಾಡುತ್ತಿದ್ದರು. 1879ರ ಹೊತ್ತಿಗೆ ಸರ್ಕಾರ ಆಸ್ಟ್ರೇಲಿಯಾದಿಂದ ಬ್ರೋ ಸ್ಮಿತ್ ಎಂಬ ಗಣಿಗಳ ತಜ್ಞನನ್ನು ಕರೆಸಿತು. ಮರುವರ್ಷ ಅವನ ವರದಿ ಹೊರಬಿತ್ತು. ಇಲ್ಲಿ ಚಿನ್ನದ ಗೆರೆಗಳು ಹೇರಳವಾಗಿವೆ ಎಂಬ ಮಾತು ಲಂಡನ್ ತಲುಪಿದ್ದೇ ತಡ, ಅಲ್ಲಿ ಕಂಪನಿಯ ಮೇಲೆ ಕಂಪನಿ ಹುಟ್ಟಿತು. ಕಾಫಿ ತೋಟಗಳನ್ನೇ ಗಣಿ ಎಂದು ಭಾರಿ ಬೆಲೆಗೆ ಮಾರಿದರು. ಈ ಬೆಟ್ಟಗಳನ್ನು ಕಂಡೇ ಇರದ ಜನ ತಮ್ಮ ಉಳಿತಾಯ ಕೊಟ್ಟು ಷೇರು ಕೊಂಡರು. ಕಲ್ಲು ಅರೆದು ನೋಡಿದಾಗ ಚಿನ್ನ ಸಿಕ್ಕಿತು, ಆದರೆ ಅರೆದ ಖರ್ಚೂ ಹುಟ್ಟದಷ್ಟು. ಕೆಲವೇ ವರ್ಷಗಳಲ್ಲಿ ಕಂಪನಿಗಳು ಮುಳುಗಿದವು, ಹಣ ಕೊಟ್ಟವರೂ ಮುಳುಗಿದರು.

ಅದೇ 1880ರಲ್ಲಿ ಲಂಡನ್ನಿನಲ್ಲೇ ಇನ್ನೊಂದು ಕಂಪನಿ ಹುಟ್ಟಿತ್ತು: ಕೋಲಾರದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ. ಅದೂ ಮೊದಲ ಕೆಲವು ವರ್ಷ ಬರಿ ಕಲ್ಲನ್ನೇ ತೋಡಿತು. ಬಂಡವಾಳ ಕರಗುತ್ತ ಬಂತು, ಮುಚ್ಚಿಬಿಡೋಣ ಎಂಬ ಮಾತು ಷೇರುದಾರರಲ್ಲಿ ಎದ್ದಿತು. ಗಣಿಯ ಕೆಲಸ ನೋಡಿಕೊಳ್ಳುತ್ತಿದ್ದ ಜಾನ್ ಟೇಲರ್ ಸಂಸ್ಥೆ ಉಳಿದ ಹಣದಲ್ಲಿ ಇನ್ನೊಂದಿಷ್ಟು ತೋಡೋಣ ಎಂದು ಪಟ್ಟು ಹಿಡಿಯಿತು. ಆಗ ಪ್ಲಮ್ಮರ್ ಎಂಬ ಗಣಿಗಾರನಿಗೆ ಚಾಂಪಿಯನ್ ಎಂಬ ಚಿನ್ನದ ಗೆರೆ ಸಿಕ್ಕಿತು. 2001ರಲ್ಲಿ ಕೋಲಾರದ ಗಣಿಗಳು, ಅಂದರೆ ಕೆಜಿಎಫ್, ಮುಚ್ಚುವ ಹೊತ್ತಿಗೆ ಆ ನೆಲದಿಂದ ಬಂದ ಚಿನ್ನ 800 ಟನ್ನಿಗೂ ಹೆಚ್ಚು.

1880ರಲ್ಲಿ ಲಂಡನ್ನಿನ ಒಬ್ಬ ಗುಮಾಸ್ತೆ ಕೈಯಲ್ಲಿ ನೂರು ಪೌಂಡ್ ಹಿಡಿದು ನಿಂತಿದ್ದ ಎಂದುಕೊಳ್ಳಿ. ದೇವಾಲವೋ ಕೋಲಾರವೋ? ಅವನಿಗೆ ಹೇಗೆ ಗೊತ್ತಾಗಬೇಕು? ಭೂಗರ್ಭ ಬಲ್ಲವರಿಗೇ ಗೊತ್ತಿರಲಿಲ್ಲ. ಎರಡನ್ನೂ, ಅವುಗಳ ಜೊತೆಗೆ ಆ ಕಾಲದ ಎಲ್ಲ ದೊಡ್ಡ ಕಂಪನಿಗಳನ್ನೂ, ಕಡಿಮೆ ಖರ್ಚಿನಲ್ಲಿ ಸ್ವಲ್ಪ ಸ್ವಲ್ಪ ಕೊಳ್ಳುವ ಒಂದು ಚೀಟಿ ಅವನಿಗೆ ಸಿಕ್ಕಿದ್ದರೆ ದೇವಾಲದ ನಷ್ಟವನ್ನು ಕೋಲಾರ ತುಂಬಿಕೊಡುತ್ತಿತ್ತು. ಅಂಥ ಚೀಟಿ ಸಾಮಾನ್ಯ ಮನುಷ್ಯನ ಕೈಗೆ ಬರಲು ಮುಂದೆ ತೊಂಬತ್ತಾರು ವರ್ಷ ಬೇಕಾಯಿತು. ಅದಕ್ಕೆ ಇಂಡೆಕ್ಸ್ ಫಂಡ್ ಎಂದು ಹೆಸರು. ಅದು ಹುಟ್ಟಿದ ಕತೆ, ಮತ್ತು ಅದು ತಿರುಗಿ ಇದೇ ಬೆಟ್ಟಗಳಿಗೆ ಬಂದು ಸೇರಿದ ಕತೆ ಇವತ್ತಿನದು.

ಮೊದಲು ಸೂಚ್ಯಂಕ ಎಂದರೇನು, ಹೇಳಿಬಿಡುತ್ತೇನೆ. ಆಯ್ದ ಕೆಲವು ದೊಡ್ಡ ಕಂಪನಿಗಳ ಷೇರು ಬೆಲೆಯನ್ನು ಒಟ್ಟಿಗೆ ತೂಗಿ ಪೇಟೆ ಏರಿತೋ ಇಳಿಯಿತೋ ಎಂದು ಒಂದೇ ಅಂಕಿಯಲ್ಲಿ ತೋರಿಸುವುದು ಸೂಚ್ಯಂಕ. ಅಮೆರಿಕದಲ್ಲಿ 1896ರಲ್ಲಿ ಹನ್ನೆರಡು ಕಂಪನಿಗಳೊಡನೆ ಡೌ ಜೋನ್ಸ್ ಶುರುವಾಯಿತು, 1957ರಲ್ಲಿ ಐನೂರು ಕಂಪನಿಗಳ ಎಸ್ ಅಂಡ್ ಪಿ 500 ಬಂತು. ನಮ್ಮಲ್ಲಿ ಮೂವತ್ತು ಕಂಪನಿಗಳ ಸೆನ್ಸೆಕ್ಸ್ 1986ರಲ್ಲಿ, ಐವತ್ತು ಕಂಪನಿಗಳ ನಿಫ್ಟಿ 1996ರಲ್ಲಿ. ಬಹುಕಾಲ ಸೂಚ್ಯಂಕಗಳು ಪೇಟೆಯ ಜ್ವರ ಅಳೆಯುವ ಅಂಕಿಗಳಷ್ಟೇ ಆಗಿದ್ದವು. ಆ ಅಂಕಿಯನ್ನೇ ಕೊಳ್ಳಬಹುದು ಎಂದು ಯಾರೂ ಯೋಚಿಸಿರಲಿಲ್ಲ.

ಯೋಚನೆ ಬಂದದ್ದು ಒಂದು ಸಂಶಯದಿಂದ. 1929ರ ಕುಸಿತದ ನಂತರ ಆಲ್ಫ್ರೆಡ್ ಕೌಲ್ಸ್ ಎಂಬವನು, ಷೇರುಪೇಟೆಯ ಭವಿಷ್ಯ ಹೇಳುವವರ ಮಾತು ಎಷ್ಟರಮಟ್ಟಿಗೆ ನಿಜವಾಯಿತು ಎಂದು ಲೆಕ್ಕ ಹಾಕಿದ. 1933ರಲ್ಲಿ ಪ್ರಕಟಿಸಿದ ಉತ್ತರ: ಅವರ ಜಾಣತನಕ್ಕೆ ಪುರಾವೆ ಸಿಗಲಿಲ್ಲ. 1968ರಲ್ಲಿ ಅರ್ಥಶಾಸ್ತ್ರಜ್ಞ ಮೈಕೆಲ್ ಜೆನ್ಸನ್, ಅನೇಕರ ಹಣ ಕೂಡಿಸಿ ಷೇರು ಕೊಳ್ಳುವ 115 ಮ್ಯೂಚುವಲ್ ಫಂಡ್‌ಗಳ ಇಪ್ಪತ್ತು ವರ್ಷದ ಲೆಕ್ಕ ತೆಗೆದು ನೋಡಿದರು. ಸರಾಸರಿಯಲ್ಲಿ ಅವು ತಮ್ಮ ಖರ್ಚನ್ನೂ ಹುಟ್ಟಿಸಿಕೊಂಡಿರಲಿಲ್ಲ.

ಇದರ ಹಿಂದಿನ ಗಣಿತ ಬಹಳ ಸರಳ. ಅರ್ಥಶಾಸ್ತ್ರಜ್ಞ ವಿಲಿಯಂ ಶಾರ್ಪ್ ಅದನ್ನು 1991ರಲ್ಲಿ ಕೆಲವೇ ಪುಟಗಳಲ್ಲಿ ಬರೆದಿಟ್ಟರು. ಪೇಟೆಯಲ್ಲಿರುವ ಎಲ್ಲರ ಗಳಿಕೆ ಕೂಡಿಸಿದರೆ ಬರುವುದು ಪೇಟೆಯ ಗಳಿಕೆಯೇ. ಒಬ್ಬನಿಗೆ ಹೆಚ್ಚು ಬಂದರೆ ಇನ್ನೊಬ್ಬನಿಗೆ ಅಷ್ಟು ಕಡಿಮೆ ಬಂದಿರಲೇಬೇಕು. ಇದರಲ್ಲಿ ದಲ್ಲಾಳಿಯ ಕಮಿಷನ್, ಮ್ಯಾನೇಜರರ ಸಂಬಳ, ಜಾಹೀರಾತು ಕಳೆದರೆ ಷೇರು ಆರಿಸಿ ಕೊಳ್ಳುವವರೆಲ್ಲರ ಸರಾಸರಿ ಗಳಿಕೆ ಪೇಟೆಗಿಂತ ಕಡಿಮೆಯಾಗಲೇಬೇಕು. ಯಾರ ತಪ್ಪೂ ಇಲ್ಲದೆ ಕಡಿಮೆಯಾಗುತ್ತದೆ.

ಎಷ್ಟು ಕಡಿಮೆ? ಒಂದು ಲಕ್ಷ ರೂಪಾಯಿ ಮೂವತ್ತು ವರ್ಷ ಬಿಟ್ಟಿದ್ದೀರಿ, ಪೇಟೆ ವರ್ಷಕ್ಕೆ ಶೇಕಡಾ 12ರಂತೆ ಬೆಳೆಯಿತು ಎಂದಿಟ್ಟುಕೊಳ್ಳಿ. ಬರಿ ಲೆಕ್ಕಕ್ಕಾಗಿ ಹೇಳುತ್ತಿದ್ದೇನೆ, ಇಷ್ಟೇ ಬರುತ್ತದೆ ಎಂಬ ಭರವಸೆ ಯಾರೂ ಕೊಡಲಾರರು. ಆಗ ಹಣ ಸುಮಾರು 30 ಲಕ್ಷವಾಗುತ್ತದೆ. ವರ್ಷವರ್ಷ ಶೇಕಡಾ ಒಂದೂವರೆ ಖರ್ಚಿಗೆ ಹೋದರೆ ಉಳಿಯುವುದು ಸುಮಾರು 20 ಲಕ್ಷ. ಒಂದೂವರೆ ಎಂದು ಕೇಳಿದಾಗ ಚಿಲ್ಲರೆಯಂತೆ ಕಾಣುವುದು ಕೊನೆಗೆ ಗಂಟಿನ ಮೂರರಲ್ಲಿ ಒಂದು ಪಾಲು. ಈ ವಿಷಯ ನಾನು ಇಷ್ಟು ಕಳಕಳಿಯಿಂದ ಹೇಳಲು ಈ ಒಂದು ಲೆಕ್ಕವೇ ಸಾಕು.

1974ರಲ್ಲಿ ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮ್ಯುಯಲ್‌ಸನ್, ಯಾರಾದರೂ ದೊಡ್ಡ ಸಂಸ್ಥೆಯವರು ಇಡೀ ಸೂಚ್ಯಂಕವನ್ನೇ ಕೊಂಡಿಡುವ ಫಂಡ್ ಒಂದನ್ನು ಮಾಡಬಾರದೇಕೆ ಎಂದು ಬರೆದರು. ಅದೇ ವರ್ಷ ಜಾನ್ ಬೋಗಲ್ ಎಂಬವರು ತಾವು ನಡೆಸುತ್ತಿದ್ದ ಸಂಸ್ಥೆಯ ಅಧಿಕಾರದಿಂದ ಹೊರಬಿದ್ದು ವ್ಯಾನ್‌ಗಾರ್ಡ್ ಎಂಬ ಫಂಡ್ ಸಂಸ್ಥೆ ಸ್ಥಾಪಿಸಿದ್ದರು. ಅದರ ರಚನೆಯನ್ನು ಗಮನಿಸಬೇಕು. ಅದರ ಒಡೆತನ ಹೊರಗಿನ ಷೇರುದಾರರ ಕೈಯಲ್ಲಿರಲಿಲ್ಲ, ಫಂಡ್‌ನಲ್ಲಿ ಹಣ ಇಟ್ಟವರದೇ ಒಡೆತನ. ನಮ್ಮ ಸಹಕಾರ ಸಂಘಗಳ ಕ್ರಮಕ್ಕೆ ಬಹಳ ಹತ್ತಿರವಾದದ್ದು. ಲಾಭ ಬೇರೆಯವರಿಗೆ ಹೋಗಬೇಕಾಗಿಲ್ಲವಾದ್ದರಿಂದ ಖರ್ಚು ಇಳಿಸುವುದೇ ಅಲ್ಲಿನ ಕಸುಬಾಯಿತು.

1976ರ ಆಗಸ್ಟ್‌ನಲ್ಲಿ ಬೋಗಲ್ ಮೊದಲ ಸಾರ್ವಜನಿಕ ಇಂಡೆಕ್ಸ್ ಫಂಡ್ ತೆರೆದರು. 15 ಕೋಟಿ ಡಾಲರ್ ಬರಬಹುದೆಂಬ ಆಸೆ ಇತ್ತು. ಬಂದದ್ದು 1 ಕೋಟಿ 13 ಲಕ್ಷ. ಐನೂರು ಕಂಪನಿಗಳ ಷೇರನ್ನೂ ಲೆಕ್ಕಕ್ಕೆ ಸರಿಯಾಗಿ ಕೊಳ್ಳಲು ಅದು ಸಾಲದು. ಹಣ ಹಿಂದಿರುಗಿಸಿ ಬಿಡಿ ಎಂದರು ಮಾರಾಟಗಾರರು. ಬೋಗಲ್ ಒಪ್ಪಲಿಲ್ಲ. ಪೇಟೆಯವರು ಅದನ್ನು ಬೋಗಲ್‌ನ ಹುಚ್ಚಾಟ ಎಂದು ಕರೆದರು. ಸರಾಸರಿಗೆ ತೃಪ್ತಿಪಡುವುದು ಅಮೆರಿಕದ ಗುಣವೇ ಅಲ್ಲ ಎಂದೂ ಹಳಿದರು. ಬೋಗಲ್ 2019ರಲ್ಲಿ ತೀರಿಕೊಂಡರು. 2023ರ ಕೊನೆಯ ಹೊತ್ತಿಗೆ ಅಮೆರಿಕದ ಫಂಡ್‌ಗಳಲ್ಲಿ, ಸೂಚ್ಯಂಕವನ್ನು ಹಿಂಬಾಲಿಸುವ ಹಣ, ಷೇರು ಆರಿಸಿ ಕೊಳ್ಳುವ ಹಣವನ್ನು ಮೀರಿತು.

ಇಟಿಎಫ್ ಎಂಬುದು ಇದರ ತಮ್ಮ. ಅದೂ ಸೂಚ್ಯಂಕದ ಪಾಲೇ, ಆದರೆ ಷೇರಿನ ಹಾಗೆ ಪೇಟೆಯಲ್ಲೇ ಹಗಲಿಡೀ ಕೊಂಡು ಮಾರಬಹುದು. ಇದನ್ನು ರೂಪಿಸಿದವರಲ್ಲಿ ಮುಖ್ಯರು ಅಮೆರಿಕನ್ ಸ್ಟಾಕ್ ಎಕ್ಸ್‌ಚೇಂಜಿನ ನೇಥನ್ ಮೋಸ್ಟ್. ಅವರು ಮೊದಲು ಸರಕಿನ ವ್ಯಾಪಾರದಲ್ಲಿದ್ದವರು. ಕೊಬ್ಬರಿ ಎಣ್ಣೆಯಂಥ ಸರಕು ಗೋದಾಮಿನಲ್ಲೇ ಇರುತ್ತದೆ, ಅದರ ರಸೀದಿ ಮಾತ್ರ ಕೈಯಿಂದ ಕೈಗೆ ಹೋಗುತ್ತದೆ ಎಂಬುದನ್ನು ಅವರು ಕಂಡಿದ್ದರು. ಷೇರಿನ ಗಂಟನ್ನೂ ಒಂದು ಕಡೆ ಭದ್ರವಾಗಿಟ್ಟು ರಸೀದಿಯನ್ನು ಮಾರೋಣ ಎಂದರು. ಚಹಾ, ಕಾಫಿಯ ಸೀಮೆಯವರಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. 1990ರಲ್ಲಿ ಟೊರಾಂಟೊದಲ್ಲಿ, 1993ರ ಜನವರಿಯಲ್ಲಿ ಅಮೆರಿಕದಲ್ಲಿ ಇಟಿಎಫ್ ಬಂತು. ಮೋಸ್ಟ್ ಮೊದಲು ಬೋಗಲ್ ಬಳಿಗೇ ಹೋಗಿದ್ದರು. ದಿನವಿಡೀ ಕೊಂಡು ಮಾರುವ ಅಭ್ಯಾಸವೇ ಉಳಿತಾಯಗಾರನಿಗೆ ಶತ್ರು ಎಂದು ಬೋಗಲ್ ಬೇಡವೆಂದರು. ನನಗೆ ಬೋಗಲ್ ಮಾತೇ ಸರಿ ಎನಿಸುತ್ತದೆ. ಇಟಿಎಫ್ ಒಳ್ಳೆಯ ಸಾಧನ, ಕೊಂಡವರು ಸುಮ್ಮನೆ ಇಟ್ಟುಕೊಂಡರೆ.

ಇನ್ನು ನಮ್ಮ ಕಡೆಗೆ ಬರೋಣ. ಸಣ್ಣ ಹಣ ಕೂಡಿಸುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. 1928ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ ಅವರ ಬ್ಯಾಂಕು ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟ್ ಮನೆಮನೆಗೆ ಬಂದು ದಿನಕ್ಕೆ ಎರಡಾಣೆ ಪಡೆದುಕೊಂಡು ಹೋಗುತ್ತಿದ್ದ. ಈಗ ತಿಂಗಳು ತಿಂಗಳು ಕಟ್ಟುವ ಎಸ್‌ಐಪಿಯಲ್ಲಿರುವುದು ಅದೇ ಶಿಸ್ತು. ಇಲ್ಲದೆ ಇದ್ದದ್ದು ಷೇರಿನ ಒಳ್ಳೆಯ ದಾರಿ. 1993ರಲ್ಲಿ ಬೆಂಗಳೂರಿನ ಇನ್ಫೋಸಿಸ್ ಷೇರು 95 ರೂಪಾಯಿಗೆ ಬಂದಾಗ ಕೊಳ್ಳಲು ಸಾಕಷ್ಟು ಜನ ಮುಂದೆ ಬರಲಿಲ್ಲ. ಆಗ ನೂರು ಷೇರು ಕೊಂಡಿದ್ದರೆ ಎಂದು ಈಗಲೂ ಮದುವೆ ಮನೆಗಳಲ್ಲಿ ಮಾತಾಡುತ್ತಾರೆ. ಅದೇ ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಷೇರು ಕೊಂಡವರು ಆ ಮಾತುಕತೆಯಲ್ಲಿ ಬಾಯಿ ತೆರೆಯುವುದಿಲ್ಲ. 2012ರಲ್ಲಿ ಅದರ ವಿಮಾನಗಳು ನಿಂತವು, ಷೇರುದಾರರ ಹಣವೂ ಹೋಯಿತು.

2001 ನಮ್ಮ ಉಳಿತಾಯಗಾರರಿಗೆ ಕೆಟ್ಟ ವರ್ಷ. ನಿವೃತ್ತ ಮೇಷ್ಟ್ರುಗಳು, ಗುಮಾಸ್ತರು ನಂಬಿ ಇಟ್ಟಿದ್ದ ಯುಟಿಐ ಎಂಬ ಫಂಡ್ ಸಂಸ್ಥೆಯ ಯುಎಸ್-64 ಯೋಜನೆ ಜುಲೈಯಲ್ಲಿ ಹಣ ಹಿಂದಿರುಗಿಸುವುದನ್ನೇ ತಡೆಹಿಡಿಯಿತು. ಯಾವ ಷೇರಿನಲ್ಲಿ ಎಷ್ಟು ಹಣ ಇದೆ ಎಂಬುದೇ ಹೂಡಿದವರಿಗೆ ಗೊತ್ತಿರಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಬೆಂಚ್‌ಮಾರ್ಕ್ ಎಂಬ ಸಣ್ಣ ಸಂಸ್ಥೆ ದೇಶದ ಮೊದಲ ಇಟಿಎಫ್ ನಿಫ್ಟಿ ಬೀಸ್ ತಂದಿತು. ಆಗ ಒಂದು ಯೂನಿಟ್ ನಿಫ್ಟಿಯ ಹತ್ತರಲ್ಲೊಂದು ಭಾಗವಾಗಿತ್ತು, ಆಗಿನ ಬೆಲೆಯಲ್ಲಿ ನೂರು ರೂಪಾಯಿ ಚಿಲ್ಲರೆ. ಒಳಗೆ ಏನಿದೆ ಎಂದು ಪತ್ರಿಕೆ ಓದುವ ಯಾರಿಗೂ ಗೊತ್ತಾಗುವಂಥದ್ದು. ಇಂಡೆಕ್ಸ್ ಫಂಡ್‌ಗಳು ಅದಕ್ಕೂ ಎರಡು ಮೂರು ವರ್ಷ ಮೊದಲೇ ಬಂದಿದ್ದವು. ಆದರೆ ಮಾರುವವರಿಗೆ ಅವುಗಳಲ್ಲಿ ಕಮಿಷನ್ ಕಡಿಮೆ, ಹಾಗಾಗಿ ಯಾರೂ ಮನೆಬಾಗಿಲಿಗೆ ತಂದು ಹೇಳಲಿಲ್ಲ. 2009ರಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಪ್ರವೇಶ ಶುಲ್ಕ ತೆಗೆದುಹಾಕಿತು, 2013ರಲ್ಲಿ ಏಜೆಂಟರಿಲ್ಲದೆ ನೇರವಾಗಿ ಕೊಳ್ಳುವ ಡೈರೆಕ್ಟ್ ಪ್ಲಾನ್ ಕಡ್ಡಾಯ ಮಾಡಿತು. ಅಲ್ಲಿಂದ ದಾರಿ ಸುಗಮವಾಯಿತು. 2023ರಲ್ಲಿ ಬೆಂಗಳೂರಿನ ಝೆರೋಧಾ, ಇಂಡೆಕ್ಸ್ ಫಂಡ್ ಮತ್ತು ಇಟಿಎಫ್ ಬಿಟ್ಟು ಬೇರೇನೂ ಮಾರುವುದಿಲ್ಲ ಎಂದೇ ಒಂದು ಫಂಡ್ ಸಂಸ್ಥೆ ತೆರೆಯಿತು.

ಸೂಚ್ಯಂಕ ಬೀಳುವುದಿಲ್ಲವೇ? ಬೀಳುತ್ತದೆ. 2008ರಲ್ಲಿ ನಿಫ್ಟಿ ಅರ್ಧಕ್ಕಿಂತ ಕೆಳಗೆ ಹೋಯಿತು. 2020ರ ಮಾರ್ಚ್ 23ರಂದು ಒಂದೇ ದಿನ ಶೇಕಡಾ 13ರಷ್ಟು ಬಿತ್ತು. ಮುಂದಿನ ವರ್ಷ ಮಗಳ ಮದುವೆಗೆ, ಮನೆಯ ಸೂರಿಗೆ ಬೇಕಾದ ಹಣವನ್ನು ಇದರಲ್ಲಿ ಇಡಲೇಬಾರದು. ಇನ್ನೊಂದು ಎಚ್ಚರ: ಸೂಚ್ಯಂಕ ಎಂಬ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಒಂದೇ ಉದ್ಯಮದ ಹತ್ತಾರು ಕಂಪನಿಗಳನ್ನು ಕಟ್ಟಿ ಅದಕ್ಕೂ ಇಂಡೆಕ್ಸ್ ಎಂದು ಹೆಸರಿಟ್ಟು ಮಾರುತ್ತಿದ್ದಾರೆ. ಅದು ದೇವಾಲದ ಹತ್ತು ಗಣಿಗಳನ್ನು ಒಟ್ಟಿಗೆ ಕೊಂಡ ಹಾಗಾಯಿತು. ಆದರೆ ವಿಶಾಲವಾದ ಸೂಚ್ಯಂಕಕ್ಕೆ ತನ್ನೊಳಗಿನ ಕೊಳೆತದ್ದನ್ನು ಹೊರಹಾಕುವ ಕ್ರಮ ಇದೆ. 2009ರ ಜನವರಿ 7ರಂದು ಸತ್ಯಂ ಕಂಪನಿಯ ಮೋಸ ಬಯಲಾಯಿತು. ಕೆಲವೇ ದಿನಗಳಲ್ಲಿ ಅದು ಸೆನ್ಸೆಕ್ಸ್, ನಿಫ್ಟಿ ಎರಡರಿಂದಲೂ ಹೊರಗಾಯಿತು.

ಈಗ ಗೂಡಲೂರಿಗೆ. ಇಲ್ಲಿನ ತೋಟಗಳಲ್ಲಿ ಚಹಾ ಚಿವುಟುವವರಲ್ಲಿ ಅನೇಕರು 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಬಂದ ಕುಟುಂಬದವರು. ಅವರ ನೆಲೆಗಾಗಿಯೇ ತಮಿಳುನಾಡು ಸರ್ಕಾರ ಟ್ಯಾನ್‌ಟೀ ತೋಟಗಳನ್ನು ಮಾಡಿತು. ತೋಟದ ಕಾರ್ಮಿಕರಿಗೆ ಪಿಎಫ್ ಇದೆ. ಆ ಪಿಎಫ್ ಹಣ 2015ರವರೆಗೆ ಸಾಲಪತ್ರಗಳಲ್ಲೇ ಇತ್ತು. ಆ ವರ್ಷದ ಆಗಸ್ಟ್‌ನಿಂದ ಹೊಸದಾಗಿ ಬರುವ ಹಣದಲ್ಲಿ ಶೇಕಡಾ 5ರಷ್ಟನ್ನು ಪಿಎಫ್ ನಡೆಸುವ ಸಂಸ್ಥೆಯಾದ ಇಪಿಎಫ್‌ಒ ನಿಫ್ಟಿ, ಸೆನ್ಸೆಕ್ಸ್ ಇಟಿಎಫ್‌ಗಳಲ್ಲಿ ತೊಡಗಿಸಿತು. ಮರುವರ್ಷ ಅದು 10, 2017ರಲ್ಲಿ 15. ಕಾರ್ಮಿಕ ಸಂಘಗಳು ವಿರೋಧಿಸಿದವು. ಬಡವರ ಹಣವನ್ನು ಪೇಟೆಗೆ ಹಾಕಬೇಡಿ ಎಂದವು. ಆ ಭಯ ನ್ಯಾಯವಾದದ್ದೇ. ಆದರೂ ಯಾವುದೋ ಒಂದು ಕಂಪನಿ ಆರಿಸದೆ ಸೂಚ್ಯಂಕವನ್ನೇ ಆರಿಸಿದ್ದು ಸರಿಯಾದ ನಿರ್ಧಾರ ಎಂದು ನಾನು ನಂಬುತ್ತೇನೆ. ಯಾರದೋ ಸ್ನೇಹಕ್ಕೆ, ಯಾರದೋ ಒತ್ತಡಕ್ಕೆ ಮಣಿದು ಷೇರು ಕೊಳ್ಳುವ ಅವಕಾಶ ಅಲ್ಲಿ ಬಹಳ ಕಡಿಮೆ. ಲಂಡನ್ನಿನ ಗುಮಾಸ್ತೆಗೆ ಸಿಗದೆ ಹೋದ ಚೀಟಿ ದೇವಾಲದ ಚಹಾ ಚಿವುಟುವ ಅಕ್ಕನ ಪಾಲಿಗೆ ಬಂದಿದೆ.

ಆದರೆ ಆಕೆಯ ಹೆಸರಿನಲ್ಲಿ ಇಟಿಎಫ್ ಯೂನಿಟ್ ಇಲ್ಲ. ಎಲ್ಲ ಸದಸ್ಯರ ಹಣ ಒಂದೇ ಕಡೆ ಸೇರಿ, ವರ್ಷಕ್ಕೊಮ್ಮೆ ಬಡ್ಡಿಯೆಂದು ಘೋಷಣೆಯಾಗುತ್ತದೆ. 2023-24ಕ್ಕೆ ಅದು ಶೇಕಡಾ 8.25 ಇತ್ತು. ಪಾಸ್‌ಬುಕ್ಕಿನಲ್ಲಿ ಆಕೆಯ ವಂತಿಗೆ, ಮಾಲೀಕರ ವಂತಿಗೆ, ಬಡ್ಡಿ ಇಂಥವೇ ಕಾಣುತ್ತವೆ. ನಿಮ್ಮ ಹಣದಲ್ಲಿ ಇಷ್ಟು ಪಾಲು ದೇಶದ ಐವತ್ತು ದೊಡ್ಡ ಕಂಪನಿಗಳಲ್ಲಿದೆ ಎಂದು ಹೇಳುವ ಒಂದು ಸಾಲು ಅಲ್ಲಿ ಸೇರಬೇಕು. ತಮಿಳಿನಲ್ಲಿ, ಕನ್ನಡದಲ್ಲಿ, ಆಕೆಗೆ ಓದಲು ಬರುವ ಭಾಷೆಯಲ್ಲಿ. ತೋಟದ ಸಂಘಗಳಲ್ಲಿ ಕೆಲಸ ಮಾಡುವ ಕೇಳುಗರು ಯಾರಾದರೂ ಇದ್ದರೆ, ಮುಂದಿನ ಬಾರಿ ಪಿಎಫ್ ಅಧಿಕಾರಿಗಳು ಅಹವಾಲು ಕೇಳಲು ಬಂದಾಗ ಈ ಬೇಡಿಕೆಯನ್ನೂ ಅವರ ಮುಂದಿಡಿ.