ಬರೆಯುವವನ ಕಣ್ಣು



ಪ್ರವಾಸ ಮುಗಿಸಿ ಬಂದವರನ್ನು ‘ಏನೇನು ನೋಡಿದಿರಿ?’ ಎಂದು ಕೇಳಿದರೆ ಬಹುತೇಕರ ಉತ್ತರ ‘ಚೆನ್ನಾಗಿತ್ತು’ ಎಂಬ ಒಂದೇ ಮಾತಿನಲ್ಲಿ ಮುಗಿಯುತ್ತದೆ. ನೋಡಿದ್ದು ಸುಳ್ಳಲ್ಲ, ಗಮನಿಸಿದ್ದು ಕಡಿಮೆ. ಸಂಜೆ ಕುಳಿತು ನಾಲ್ಕು ಸಾಲು ಬರೆಯಬೇಕೆಂದುಕೊಂಡವನ ಹಗಲೇ ಬೇರೆ. ಇದಕ್ಕೆ ಚಾರ್ಲ್ಸ್ ಡಾರ್ವಿನ್ನನ ಬದುಕು ಒಳ್ಳೆಯ ನಿದರ್ಶನ.

1831ರ ಡಿಸೆಂಬರ್ 27ರಂದು ‘ಬೀಗಲ್’ ಹಡಗು ಇಂಗ್ಲೆಂಡಿನ ಪ್ಲಿಮತ್ ಬಿಟ್ಟಾಗ ಡಾರ್ವಿನ್ನನಿಗೆ 22 ವರ್ಷ. ಸುಮಾರು ಐದು ವರ್ಷಗಳ ಆ ಪಯಣದಲ್ಲಿ, ದಡದ ಮೇಲೆ ಕಂಡದ್ದನ್ನು ಜೇಬಿನ ಪುಟ್ಟ ಪುಸ್ತಕದಲ್ಲಿ ಪೆನ್ಸಿಲಿನಿಂದ ಗೀಚಿಕೊಳ್ಳುವುದು, ಬಳಿಕ ದಿನಚರಿಯಲ್ಲಿ ಶಾಯಿಯಿಂದ ವಿವರವಾಗಿ ಬರೆಯುವುದು ಆತನ ರೂಢಿ. ಕಂಡದ್ದನ್ನೆಲ್ಲ ಕಣ್ಣಿಗೆ ಕಟ್ಟುವಂತೆ ಬರೆಯಲು ಪಟ್ಟ ಶ್ರಮ ತನಗೆ ಒಳ್ಳೆಯ ಅಭ್ಯಾಸವಾಯಿತೆಂದು ಮುಪ್ಪಿನಲ್ಲಿ ಬರೆದ ಆತ್ಮಕಥೆಯಲ್ಲಿ ಆತ ಹೇಳಿಕೊಂಡಿದ್ದಾನೆ.

ಬರೆಯದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಅವನದೇ. 1835ರ ಸೆಪ್ಟೆಂಬರ್‌ನಲ್ಲಿ ಹಡಗು ಗಲಪಗೋಸ್ ದ್ವೀಪಗಳನ್ನು ಮುಟ್ಟಿತು. ಅಲ್ಲಿನ ಮಾಕಿಂಗ್‌ಬರ್ಡ್ ಹಕ್ಕಿಗಳು ದ್ವೀಪದಿಂದ ದ್ವೀಪಕ್ಕೆ ಭಿನ್ನವಾಗಿದ್ದುದು ಕಣ್ಣಿಗೆ ಬಿತ್ತು. ಯಾವುದು ಎಲ್ಲಿಯದೆಂದು ಬರೆದಿಟ್ಟ. ಫಿಂಚ್ ಎಂಬ ಸಣ್ಣ ಹಕ್ಕಿಗಳ ವಿಷಯದಲ್ಲಿ ಹಾಗೆ ಮಾಡಲಿಲ್ಲ. ಹಲವು ದ್ವೀಪಗಳ ಹಕ್ಕಿಗಳು ಬೆರೆತುಹೋದವು. ಆಮೆಯನ್ನು ನೋಡಿಯೇ ಅದರ ದ್ವೀಪ ಯಾವುದೆಂದು ಹೇಳಬಲ್ಲೆ ಎಂದ ಅಲ್ಲಿನ ಅಧಿಕಾರಿಯ ಮಾತಿಗೂ ಆಗ ಸಾಕಷ್ಟು ಗಮನ ಕೊಡಲಿಲ್ಲ.

1837ರಲ್ಲಿ ಲಂಡನ್ನಿನ ಪಕ್ಷಿತಜ್ಞ ಜಾನ್ ಗೌಲ್ಡ್, ಆ ಫಿಂಚ್‌ಗಳು ಒಂದೇ ಗುಂಪಿಗೆ ಸೇರಿದ ಬೇರೆ ಬೇರೆ ಜಾತಿಗಳೆಂದು ತಿಳಿಸಿದಾಗ ತಪ್ಪಿನ ಬೆಲೆ ಅರಿವಾಯಿತು. ಕಪ್ತಾನ ಫಿಟ್ಜ್‌ರಾಯ್ ಮತ್ತಿತರರು ದ್ವೀಪದ ಹೆಸರು ಸಹಿತ ಇಟ್ಟುಕೊಂಡಿದ್ದ ಹಕ್ಕಿಗಳ ಮೊರೆ ಹೋಗಬೇಕಾಯಿತು.

ಮುಂದೆ ಡಾರ್ವಿನ್ ಒಂದು ನಿಯಮ ಪಾಲಿಸಿದ. ತನ್ನ ಅಭಿಪ್ರಾಯಕ್ಕೆ ವಿರುದ್ಧವಾದ ಸಂಗತಿ ಎದುರಾದರೆ ಆ ಕ್ಷಣವೇ ಬರೆದುಕೊಳ್ಳುವುದು. ಅಂಥವೇ ಬೇಗ ಮರೆತುಹೋಗುತ್ತವೆ ಎಂಬುದು ಆತನ ಅನುಭವ.

ಎಲ್ಲರೂ ವಿಜ್ಞಾನಿಗಳಾಗಬೇಕಿಲ್ಲ. ಇಂದು ಜೇಬಿನ ಫೋನ್ ಎಲ್ಲದರ ಚಿತ್ರ ಹಿಡಿಯುತ್ತದೆ, ನಿಜ. ಆದರೆ ಗುಂಡಿ ಒತ್ತುವವನಿಗೆ ಪದ ಹುಡುಕುವ ಕಷ್ಟವಿಲ್ಲ. ಮೊದಲ ಮಳೆಯ ವಾಸನೆಗೆ, ಅಜ್ಜಿಯ ದನಿಗೆ ತಕ್ಕ ಪದ ಹುಡುಕುವಾಗ ಮನಸ್ಸು ಮತ್ತೊಮ್ಮೆ ಅಲ್ಲಿಗೆ ಹೋಗಿ ಬರುತ್ತದೆ. ಮರುದಿನ ಇನ್ನಷ್ಟು ಎಚ್ಚರದಿಂದ ನೋಡುತ್ತದೆ. ಬೇಕಾದ ಬಂಡವಾಳ ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ರಾತ್ರಿ ಹತ್ತು ನಿಮಿಷ. ದಿನಾಂಕ ಮತ್ತು ಊರಿನ ಹೆಸರು ಬರೆಯುವುದನ್ನು ಮಾತ್ರ ಮರೆಯಬಾರದು.