ವಯೋನಿವೃತ್ತಿಯ ನಂತರದ ತಿಂಗಳುಗಳು

ಕರ್ನಾಟಕದ ಸರ್ಕಾರಿ ನೌಕರರಿಗೆ ವಯೋನಿವೃತ್ತಿ 60ಕ್ಕೆ. 2008ಕ್ಕೆ ಮೊದಲು 58ಕ್ಕೇ ಆಗುತ್ತಿತ್ತು. ವಯಸ್ಸು ತುಂಬಿದ ತಿಂಗಳ ಕೊನೆಯ ದಿನ ಕಚೇರಿಯಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ, ನಾಲ್ಕು ಒಳ್ಳೆಯ ಮಾತು. ಚಾರ್ಜ್ ವಹಿಸಿಕೊಟ್ಟರೆ ಸೇವೆ ಮುಗಿಯಿತು. ಮುಗಿಯುವುದಕ್ಕೆ ಹೀಗೊಂದು ದಿನ, ಒಂದು ಸಮಾರಂಭವಿದೆ. ಹೊಸ ಬದುಕು ಕೈಹತ್ತುವುದಕ್ಕೆ ಅಂಥ ದಿನವಿಲ್ಲ. ನಿಜವಾದ ಕಷ್ಟ ಈ ಎರಡರ ನಡುವಿನ ತಿಂಗಳುಗಳದು.

ಅಮೆರಿಕದ ಮನೋವೈದ್ಯರಾದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ 1967ರಲ್ಲಿ ಬದುಕಿನ 43 ಘಟನೆಗಳ ಪಟ್ಟಿ ಮಾಡಿ, ಹೊಂದಿಕೊಳ್ಳಲು ಎಷ್ಟು ಶ್ರಮ ಬೇಕೋ ಅದಕ್ಕೆ ತಕ್ಕಂತೆ ಅಂಕ ಕೊಟ್ಟರು. ಸಂಗಾತಿಯ ಸಾವಿಗೆ 100, ಮದುವೆಗೆ 50, ನಿವೃತ್ತಿಗೆ 45. ಸುಖದ ಘಟನೆಗೂ ದುಃಖದ ಘಟನೆಗೂ ಅಲ್ಲಿ ಒಂದೇ ಅಳತೆ. ಬಯಸಿ ಪಡೆದ ವಿಶ್ರಾಂತಿಯೂ ಮನಸ್ಸನ್ನು ದಣಿಸಬಲ್ಲದು ಎಂಬುದನ್ನು ಮನೆಯವರು ಅರಿಯುವುದು ಬಹಳ ಮುಖ್ಯ.

ನೌಕರಿ ಸಂಬಳವನ್ನಷ್ಟೇ ಕೊಡುವುದಿಲ್ಲ. ಏಳುವ ಹೊತ್ತು, ಮಾತಿಗೆ ಜೊತೆ, ಊರಿನಲ್ಲೊಂದು ಗುರುತು, ಎಲ್ಲವೂ ಅದರಿಂದಲೇ. ಮೂವತ್ತು ವರ್ಷ 'ಮೇಷ್ಟ್ರೇ' ಎಂದು ಕರೆಸಿಕೊಂಡವರಿಗೆ ಜೂನ್ ತಿಂಗಳಲ್ಲಿ ಶಾಲೆಯ ಗಂಟೆ ಕೇಳಿದಾಗ ಆಗುವ ಸಂಕಟವನ್ನು ಪಿಂಚಣಿ ತುಂಬಿಕೊಡದು. ಮೊದಲ ಕೆಲವು ವಾರ ಯಾತ್ರೆ, ನೆಂಟರ ಮನೆ ಎಂದು ಹಗುರವಾಗಿ ಕಳೆಯಬಹುದು. ಬೇಸರ ಕಾಣಿಸಿಕೊಳ್ಳುವುದು ಅನೇಕರಿಗೆ ಆಮೇಲೆ. ಎಲ್ಲರಿಗೂ ಹೀಗೇ ಆಗಬೇಕೆಂದಿಲ್ಲ. ಆದವರಿಗೆ ಅದು ದೌರ್ಬಲ್ಯವಲ್ಲ, ಕಳೆದುಕೊಂಡದ್ದರ ದುಃಖ. ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಅವಕಾಶವಿರಬೇಕು.

ಈ ಅವಧಿಯಲ್ಲಿ ಊರಿನ ಮನೆ ಮಾರುವುದು, ಕೈಗೆ ಬಂದ ಇಡುಗಂಟನ್ನು ಪೂರ್ತಿ ಮಕ್ಕಳಿಗೆ ಹಂಚುವುದು ಮುಂತಾದ ದೊಡ್ಡ ತೀರ್ಮಾನಗಳನ್ನು ಮುಂದೂಡುವುದು ಒಳಿತು. ದಿನದಲ್ಲಿ ಒಂದೆರಡು ಹೊತ್ತಾದರೂ ನಿಗದಿಯಾಗಿರಲಿ: ಬೆಳಗಿನ ನಡಿಗೆ, ಗ್ರಂಥಾಲಯ, ಪಕ್ಕದ ಮನೆಯ ಮಕ್ಕಳಿಗೆ ಪಾಠ. ಮನೆಯಲ್ಲಿ ಇಷ್ಟು ವರ್ಷ ತಮ್ಮದೇ ದಿನಚರಿ ಕಟ್ಟಿಕೊಂಡ ಹೆಂಡತಿಗೋ ಗಂಡನಿಗೋ ಕೂಡ ಇದು ಬದಲಾವಣೆಯೇ. ಗೃಹಿಣಿಯ ದುಡಿಮೆಗಂತೂ ನಿವೃತ್ತಿಯೇ ಇಲ್ಲ. ಮನೆಗೆಲಸ ಹಂಚಿಕೊಂಡರೆ ಇಬ್ಬರ ದಿನವೂ ಹಗುರವಾಗುತ್ತದೆ.

ನಿದ್ದೆ, ಹಸಿವು, ಯಾವುದರಲ್ಲೂ ಆಸಕ್ತಿ ಇಲ್ಲದೆ ಎರಡು ವಾರ ಮೀರಿದರೆ ಅದು ಖಿನ್ನತೆಯಾಗಿರಬಹುದು, ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕರೆ ಉಚಿತ, ಹಗಲಿರುಳೂ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು.